ಸಾಮ್ರಾಜ್ಯದ ಬಿಲ್ ಕಟ್ಟಿದ್ಯಾರು?

ಸಂಪಾದಕರೇ,

ವಸಾಹತು ಇಟ್ಕೊಂಡಿದ್ದ ದೇಶದ ಜನ ಎಲ್ಲಾ ಮಜಾ ಮಾಡಿದ್ರು ಅಂತ ನಾವ್ ಅಂದ್ಕೋತೀವಿ, ಪೋರ್ಚುಗಲ್ ಕಥೆ ನೋಡಿದ್ರೆ ಹಾಗನ್ಸಲ್ಲ. 1961ರಲ್ಲಿ ನಮ್ಮ ಕಾರವಾರದ ಪಕ್ಕದ ಗೋವಾ ಕೈತಪ್ಪಿದ್ರೂ ಅಲ್ಲಿನ ಸರ್ವಾಧಿಕಾರಿ ಸಲಜಾರ್‌ಗೆ ಬುದ್ಧಿ ಬರ್ಲಿಲ್ಲ, ಆಫ್ರಿಕಾದಲ್ಲಿದ್ದ ವಸಾಹತುಗಳಾದ ಅಂಗೋಲಾ, ಗಿನಿ (ಈಗಿನ ಗಿನಿ-ಬಿಸ್ಸಾವ್), ಮೊಜಾಂಬಿಕ್ ಅಂತ ಮೂರು ಕಡೆ ಯುದ್ಧ ಮೈಮೇಲೆ ಎಳ್ಕೊಂಡು, ಅವರು ಹೋಗಿ ಅವರ ಜಾಗಕ್ಕೆ ಪ್ರಧಾನಿಯಾಗಿ ಕೇತಾನೋ ಬಂದ್ರೂ ಅದೇ ರಾಗ, 1974ರ ತನಕ ಬಜೆಟ್‌ನ ಹೆಚ್ಚುಕಮ್ಮಿ ಶೇ 40 ಮಿಲಿಟರಿಗೇ ಸುರಿದ್ರು. ಪಶ್ಚಿಮ ಯುರೋಪಲ್ಲೇ ಬಡ ದೇಶ ಅದು! 8 ಸಾವಿರಕ್ಕೂ ಜಾಸ್ತಿ ಸೈನಿಕರು ಸತ್ರು, ಎಷ್ಟೋ ಹುಡುಗ್ರು ಕಡ್ಡಾಯ ಸೇನೆ ತಪ್ಪಿಸ್ಕೊಳ್ಳೋಕೆ ಕದ್ದು ಗಡಿ ದಾಟಿ ಫ್ರಾನ್ಸ್ ಸೇರ್ಕೊಂಡ್ರು. (ಆಫ್ರಿಕಾದವರು ಪಟ್ಟ ಪಾಡು ಇದಕ್ಕಿಂತ ಎಷ್ಟೋ ಪಾಲು ಜಾಸ್ತಿ, ಅದನ್ನ ಮರೆತು ಹೇಳ್ತಿಲ್ಲ.) ಕೊನೆಗೆ ಏಪ್ರಿಲ್ 25ಕ್ಕೆ ಸರ್ಕಾರ ಬೀಳ್ಸಿದ್ದು ಯುದ್ಧ ಮಾಡಿ ಸುಸ್ತಾದ ಅವರದೇ ಸೇನೆಯ ಕ್ಯಾಪ್ಟನ್‌ಗಳು.

ಆಮೇಲೆ ವಸಾಹತುಗಳು ಸ್ವತಂತ್ರ ಆಗ್ತಿದ್ದ ಹಾಗೆ ಅಲ್ಲಿ ನೆಲೆಸಿದ್ದ ಪೋರ್ಚುಗೀಸರು ಸುಮಾರು 5 ಲಕ್ಷ ಜನ ಆಫ್ರಿಕಾ ಬಿಟ್ಟು ವಾಪಸ್ ಬಂದ್ರು. 1975ರ ಒಂದು ಫೋಟೋ ನೋಡಿದ್ದೆ, ಲಿಸ್ಬನ್‌ನ ನದಿ ದಡದಲ್ಲಿ ಹೊಸ ನಾಡು ಹುಡುಕಿದ ನಾವಿಕರ ದೊಡ್ಡ ಸ್ಮಾರಕ, ಅದರ ಬುಡದಲ್ಲೇ ಹೆಸರು ಬರೆದ ಮರದ ಪೆಟ್ಟಿಗೆಗಳ ರಾಶಿ, ಒಂದೊಂದ್ರಲ್ಲೂ ಒಂದೊಂದು ಮನೆ ಸಾಮಾನು.

ಓದುಗ, ಕಾರವಾರ