ಬಂದರಿನ ವಿಳಂಬಕ್ಕೆ ಕ್ರೇನ್ ಕೊರತೆಯೊಂದೇ ಕಾರಣವಲ್ಲ

ಮಾನ್ಯ ಸಂಪಾದಕರೇ,

ಅಭಿವೃದ್ಧಿಶೀಲ ದೇಶಗಳ ಬಂದರುಗಳಲ್ಲಿ ಸರಕು ವಾರಗಟ್ಟಲೆ ಬಿದ್ದಿದೆ ಎಂಬ ಸುದ್ದಿ ಬಂದಾಗಲೆಲ್ಲ ಅದರ ಬೆನ್ನಿಗೇ ಇನ್ನೊಂದು ಸುದ್ದಿಯೂ ಬರುತ್ತದೆ: ಹೊಸ ಕ್ರೇನ್ ತರಿಸುತ್ತಾರೆ, ಹೊಸ ಬರ್ತ್ (ಹಡಗು ನಿಲ್ಲುವ ಕಟ್ಟೆ) ಕಟ್ಟುತ್ತಾರೆ. ಸಾಲ ತಂದು ಕಟ್ಟಿದ್ದೂ ಆಗುತ್ತದೆ. ಕೆಲವೇ ವರ್ಷಗಳಲ್ಲಿ ದಟ್ಟಣೆ ಮತ್ತೆ ಮೊದಲಿನಂತೆಯೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಈ ಪದ್ಧತಿ ನಿಲ್ಲಬೇಕಾದರೆ ವಿಳಂಬ ಎಲ್ಲಿ ಹುಟ್ಟುತ್ತದೆ ಎಂಬುದು ಓದುಗರಿಗೆ ಗೊತ್ತಿರಬೇಕು.

ಹಡಗಿನಿಂದ ಒಂದು ಕಂಟೇನರ್ ಇಳಿಸಲು ಸುಸ್ಥಿತಿಯಲ್ಲಿರುವ ಗ್ಯಾಂಟ್ರಿ ಕ್ರೇನಿಗೆ ಎರಡು–ಮೂರು ನಿಮಿಷ ಸಾಕು. ಇಳಿದ ಕಂಟೇನರ್ ಗೇಟಿನಿಂದ ಹೊರಬೀಳಲು ಎಷ್ಟು ದಿನ ಬೇಕು ಎಂಬುದೇ ನಿಜವಾದ ಪ್ರಶ್ನೆ. ವಿಶ್ವಬ್ಯಾಂಕ್ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದ ಬಂದರುಗಳಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ ಒಂದನ್ನು ಬಿಟ್ಟರೆ ಈ ಅವಧಿ ಸರಾಸರಿ 20 ದಿನಗಳ ಆಸುಪಾಸಿನಲ್ಲಿತ್ತು. ಜಗತ್ತಿನ ಇತರ ದೊಡ್ಡ ಬಂದರುಗಳಲ್ಲಿ ಮೂರ್ನಾಲ್ಕು ದಿನ. ಈ ಹದಿನಾರು–ಹದಿನೇಳು ದಿನಗಳ ಅಂತರವನ್ನು ಯಾವ ಕ್ರೇನೂ ತುಂಬಲಾರದು.

ಒಂದು ಲೆಕ್ಕ ನೋಡಿ. ಯಾರ್ಡಿನಲ್ಲಿ, ಅಂದರೆ ಇಳಿಸಿದ ಕಂಟೇನರ್ ಇಡುವ ಅಂಗಳದಲ್ಲಿ, ಇಪ್ಪತ್ತು ಅಡಿಯ 10,000 ಕಂಟೇನರ್‌ಗಳಿಗೆ ಜಾಗವಿದೆ ಎಂದುಕೊಳ್ಳೋಣ. ಯಾರ್ಡನ್ನು ಪೂರ್ತಿ ತುಂಬಿಸಲಾಗದು. ಶೇ 75ರ ಆಚೆ ಹೋದರೆ ಕೆಲಸ ಕೈಕೊಡುತ್ತದೆ. ಅಂದರೆ ಬಳಸಬಹುದಾದ ಜಾಗ 7,500. ಪ್ರತಿ ಕಂಟೇನರ್ 15 ದಿನ ಕೂತರೆ ದಿನಕ್ಕೆ 500 ಮಾತ್ರ ಒಳಬರಬಹುದು. ಅದೇ ಐದು ದಿನಕ್ಕೆ ಇಳಿದರೆ ದಿನಕ್ಕೆ 1,500. ಒಂದಡಿ ಹೊಸ ಕಾಂಕ್ರೀಟ್ ಹಾಕದೆ ಬಂದರು ಮೂರು ಪಟ್ಟಾಯಿತು. ಯಾರ್ಡ್ ತುಂಬಿದಾಗ ಆಗುವುದೂ ಇದರ ತಿರುವುಮುರುವೇ. ಐದು ಎತ್ತರದ ಅಟ್ಟಿಯಲ್ಲಿ ಅಡಿಯದು ಬೇಕೆಂದರೆ ಮೇಲಿನ ನಾಲ್ಕನ್ನು ಎತ್ತಿ ಬೇರೆಡೆ ಇಡಬೇಕು, ಆ ಬೇರೆ ಜಾಗವೂ ಇರುವುದಿಲ್ಲ. ಯಾರ್ಡಿನ ಯಂತ್ರಗಳೆಲ್ಲ ಈ ಎತ್ತಿಡುವುದರಲ್ಲೇ ಇರುವಾಗ ಹಡಗಿನ ಪಕ್ಕಕ್ಕೆ ಟ್ರೇಲರ್ ಬರುವುದಿಲ್ಲ, ಕ್ರೇನ್ ಸುಮ್ಮನೆ ನಿಲ್ಲುತ್ತದೆ. ಹೊರಗಿನವರು ಆ ನಿಂತ ಕ್ರೇನ್ ನೋಡಿ ಕ್ರೇನ್ ಸಾಲದು ಎನ್ನುತ್ತಾರೆ!

ಸಮುದ್ರದ ಕಡೆ ತೊಂದರೆಯೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಒಂದೇ ಬರ್ತ್ ಇರುವ ಕಡೆ ಅದರ ಬಳಕೆ ಶೇ 40 ದಾಟಬಾರದು, ನಾಲ್ಕಿದ್ದರೆ ಶೇ 60, ಆರರಿಂದ ಹತ್ತಿದ್ದರೆ ಶೇ 70 ಎಂಬುದು ವಿಶ್ವಸಂಸ್ಥೆಯ ವಾಣಿಜ್ಯ ಮತ್ತು ಅಭಿವೃದ್ಧಿ ಸಂಸ್ಥೆ ಅಂಕ್ಟಾಡ್ ಹಿಂದೆಯೇ ಕೊಟ್ಟ ಅಳತೆ. ಇದನ್ನು ಮೀರಿದರೆ ಲಂಗರು ಹಾಕಿ ಕಾಯುವ ಹಡಗುಗಳ ಸಾಲು ಒಮ್ಮೆಲೇ ಬೆಳೆಯುತ್ತದೆ. ಬಾಂಗ್ಲಾದೇಶದ ಕರ್ಣಫುಲಿ ನದಿಯೊಳಗಿರುವ ಚಟ್ಟೋಗ್ರಾಮ್ ಬಂದರಿಗೆ ಉಬ್ಬರದ ಹೊತ್ತು ನೋಡಿಯೇ ಹಡಗು ಬರಬೇಕು, ಆಳ ಮತ್ತು ಉದ್ದಕ್ಕೂ ಮಿತಿಯಿದೆ. ಮೊಜಾಂಬಿಕ್‌ನ ಬೇರಾದಲ್ಲಿ ಹೂಳೆತ್ತುವುದು ನಿಂತರೆ ಹಡಗು ಬರುವ ಕಾಲುವೆಯೇ ಕಿರಿದಾಗುತ್ತದೆ. ಗೊಬ್ಬರ, ಗೋಧಿಯ ಹಡಗುಗಳಿಗೆ ಮಳೆ ಬಂದರೆ ಹ್ಯಾಚ್ (ಸರಕಿನ ಕೋಣೆಯ ಬಾಯಿ) ಮುಚ್ಚಲೇಬೇಕು. ಯಂತ್ರಗಳ ನಿರ್ವಹಣೆಯೂ ಸಣ್ಣ ವಿಷಯವಲ್ಲ: 2023ರ ನವೆಂಬರ್‌ನಲ್ಲಿ ಅದೇ ಡರ್ಬನ್ ಬಂದರಿನ ಹೊರಗೆ ಹತ್ತಾರು ಹಡಗುಗಳು ನಿಂತು ಸಾವಿರಾರು ಕಂಟೇನರ್‌ಗಳು ಸಿಕ್ಕಿಕೊಂಡಾಗ ಹಳೆಯ ಯಂತ್ರಗಳು ಮತ್ತು ಬಿಡಿಭಾಗಗಳ ಕೊರತೆ ಮುಖ್ಯ ಕಾರಣಗಳಾಗಿದ್ದವು. ಖರೀದಿಗೆ ಸಿಗುವ ಹಣ ನಿರ್ವಹಣೆಗೆ ಸಿಗುವುದಿಲ್ಲ. ನಾಲ್ಕು ಯಂತ್ರ ಕೊಂಡು ಒಂದರ ಬಿಡಿಭಾಗ ಕಿತ್ತು ಮೂರನ್ನು ಓಡಿಸುವ ಸ್ಥಿತಿ ಅಲ್ಲಿಂದ ಹುಟ್ಟುತ್ತದೆ.

ಸರ್ಕಾರವೇ ತಪ್ಪು ಲೆಕ್ಕ ಹಾಕಿದರೆ ಇನ್ನೂ ದೊಡ್ಡ ಅನಾಹುತ. 1970ರ ದಶಕದ ನಡುವೆ ನೈಜೀರಿಯಾ ಸುಮಾರು 2 ಕೋಟಿ ಟನ್ ಸಿಮೆಂಟಿಗೆ ಆರ್ಡರ್ ಕೊಟ್ಟಿತು. ಅದರ ಸಣ್ಣ ಪಾಲನ್ನಷ್ಟೇ ಇಳಿಸಿಕೊಳ್ಳುವ ಶಕ್ತಿ ಲಾಗೋಸ್ ಬಂದರಿಗಿತ್ತು. 1975ರಲ್ಲಿ ನೂರಾರು ಹಡಗುಗಳು ಹೊರಗೆ ಕಾದು ನಿಂತವು, ಕಾದ ದಿನಗಳಿಗೆಲ್ಲ ಸರ್ಕಾರ ಹಡಗಿನವರಿಗೆ ಡೆಮರೇಜ್ ಎಂಬ ಕಾಯಿಸಿದ ಶುಲ್ಕ ತೆರಬೇಕಾಯಿತು.

ಆದರೆ ದಿನನಿತ್ಯದ ವಿಳಂಬದ ಬಹುಪಾಲು ಇರುವುದು ನೆಲಕ್ಕಿಳಿದ ಮೇಲೆ. ಮೊದಲು ಕಾಗದಪತ್ರ. ಹಡಗು ಕಂಪನಿ ಡೆಲಿವರಿ ಆರ್ಡರ್ (ಸರಕು ಬಿಟ್ಟುಕೊಡುವ ಆದೇಶ) ಕೊಡಬೇಕಾದರೆ ಆಮದುದಾರ ಬಿಲ್ ಆಫ್ ಲೇಡಿಂಗ್, ಅಂದರೆ ಸರಕಿನ ಹಕ್ಕುಪತ್ರದ ಮೂಲಪ್ರತಿ ತೋರಿಸಬೇಕು. ಎಲ್‌ಸಿ (ಲೆಟರ್ ಆಫ್ ಕ್ರೆಡಿಟ್, ಪತ್ರಗಳು ಸರಿಯಿದ್ದರೆ ಹಣ ಕೊಡುವ ಬ್ಯಾಂಕಿನ ಖಾತರಿ) ಮೂಲಕ ವ್ಯಾಪಾರ ನಡೆದಿದ್ದರೆ ಆ ಕಾಗದ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗಿ ಬರಬೇಕು. ಬ್ಯಾಂಕುಗಳು ಪಾಲಿಸುವ ಯುಸಿಪಿ 600 ನಿಯಮದಂತೆ, ಎಲ್‌ಸಿಯಲ್ಲಿ ಬೇರೆ ಷರತ್ತಿಲ್ಲದಿದ್ದರೆ ರಫ್ತುದಾರ ಸರಕು ಹೊರಟ 21 ದಿನಗಳವರೆಗೆ ಪತ್ರಗಳನ್ನು ಒಪ್ಪಿಸಬಹುದು. ಪರಿಶೀಲನೆಗೆ ಪ್ರತಿ ಬ್ಯಾಂಕಿಗೆ ಐದು ಕೆಲಸದ ದಿನಗಳವರೆಗೆ ಅವಕಾಶವಿದೆ. ಹಡಗು ಎಂಟು–ಹತ್ತು ದಿನಗಳಲ್ಲೇ ಮುಟ್ಟುವ ಮಾರ್ಗದಲ್ಲಿ ಇದರ ಅರ್ಥವೇನು? ಯಾರೂ ನಿಯಮ ಮೀರದೆಯೇ ಸರಕು ಬಂದು ಎರಡು ವಾರವಾದರೂ ಕಾಗದ ಬರದಿರಬಹುದು. ಪರಿಹಾರ ಕಷ್ಟದ್ದೇನಲ್ಲ. ಎಲ್‌ಸಿ ತೆರೆಯುವಾಗಲೇ 21ರ ಬದಲು ಐದಾರು ದಿನ ಎಂದು ಬರೆಸಬೇಕು. ನಂಬಿಕೆಯ ಮಾರಾಟಗಾರರಿದ್ದು ಎಲ್‌ಸಿ ಬೇಡವೆಂದಾದರೆ, ಮೂಲಪ್ರತಿ ಕೇಳದ ಸೀ ವೇಬಿಲ್ ಎಂಬ ಸಾಗಣೆ ಪತ್ರ ಬಳಸಬಹುದು. ಇದನ್ನು ಬ್ಯಾಂಕಿನವರು ತಾವಾಗಿ ಹೇಳುವುದು ಕಡಿಮೆ.

ಡಾಲರ್ ಇಲ್ಲದಿದ್ದರೆ ಯಾವ ಕಾಗದವೂ ಉಪಯೋಗಕ್ಕೆ ಬಾರದು. 2023ರ ಆರಂಭದಲ್ಲಿ ಕರಾಚಿಯಲ್ಲಿ ಸಾವಿರಾರು ಕಂಟೇನರ್‌ಗಳು ನಿಂತದ್ದು ಬ್ಯಾಂಕುಗಳ ಬಳಿ ವಿದೇಶಿ ವಿನಿಮಯ ಇಲ್ಲದ್ದರಿಂದ. ಬೇಳೆಕಾಳು ಬಂದರಿನಲ್ಲಿತ್ತು, ಬಂದರು ಕೂಡ ಕೆಲಸ ಮಾಡುತ್ತಿತ್ತು.

ನಂತರ ಮ್ಯಾನಿಫೆಸ್ಟ್, ಅಂದರೆ ಹಡಗಿನ ಸರಕುಪಟ್ಟಿ. ಕಂಟೇನರ್ ಸಂಖ್ಯೆಯಲ್ಲಿ ನಾಲ್ಕು ಅಕ್ಷರ, ಆರು ಅಂಕಿ, ಕೊನೆಯಲ್ಲಿ ಒಂದು ತಾಳೆಯ ಅಂಕಿ ಇರುತ್ತದೆ. ಒಂದು ಅಂಕಿ ತಪ್ಪಾಗಿ ಟೈಪಾದರೆ ಈ ಕೊನೆಯ ಅಂಕಿ ಅದನ್ನು ಬಹುಮಟ್ಟಿಗೆ ಹಿಡಿಯುತ್ತದೆ. ಆದರೆ ತೂಕ, ಪೆಟ್ಟಿಗೆಗಳ ಎಣಿಕೆ, ಸರಕು ಪಡೆಯುವವರ ಹೆಸರು ತಪ್ಪಾದರೆ ಹಿಡಿಯುವ ವ್ಯವಸ್ಥೆ ಇಲ್ಲ. ಆಮದುದಾರ ಕಸ್ಟಮ್ಸ್‌ಗೆ ಕೊಡುವ ಘೋಷಣೆಗೂ ಮ್ಯಾನಿಫೆಸ್ಟಿನ ಸಾಲಿಗೂ ಹೊಂದಿಕೆಯಾಗದಿದ್ದರೆ ಕಡತ ಅಲ್ಲಿಗೇ ನಿಲ್ಲುತ್ತದೆ. ತಿದ್ದುಪಡಿಗೆ ಹಡಗು ಏಜೆಂಟ್ ಅರ್ಜಿ ಹಾಕಬೇಕು, ಶುಲ್ಕ ಕಟ್ಟಬೇಕು, ಅಧಿಕಾರಿ ಒಪ್ಪಬೇಕು. ಹಡಗು ಹೊರಡುವ ಮೊದಲೇ ಬಿಲ್ ಆಫ್ ಲೇಡಿಂಗ್‌ನ ಕರಡು ತರಿಸಿ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್‌ಗಳೊಂದಿಗೆ ಸಾಲು ಸಾಲಾಗಿ ತಾಳೆ ನೋಡಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಸುಂಕದ ವರ್ಗೀಕರಣದ ಜಗಳಗಳೂ ಹೀಗೆಯೇ ಮೊದಲೇ ಕಾಣುವಂಥವು. ಯಂತ್ರದ ಬಿಡಿಭಾಗಗಳ ಪೆಟ್ಟಿಗೆಯಲ್ಲಿ ಬೋಲ್ಟ್, ನಟ್, ಸ್ಪ್ರಿಂಗ್‌ಗಳೂ ಇರುತ್ತವೆ. ಆಮದುದಾರ ಎಲ್ಲವನ್ನೂ ಯಂತ್ರದ ಭಾಗವೆಂದು ಒಂದೇ ಸಾಲಿನಲ್ಲಿ ಬರೆಯುತ್ತಾನೆ. ಸುಂಕದ ಅಂತರರಾಷ್ಟ್ರೀಯ ಪಟ್ಟಿಯ ಪ್ರಕಾರ ಸಾಮಾನ್ಯ ಬಳಕೆಯ ಬೋಲ್ಟು, ಸ್ಪ್ರಿಂಗುಗಳು ತಮ್ಮ ಲೋಹದ ಅಧ್ಯಾಯಕ್ಕೇ ಹೋಗಬೇಕು, ದರವೂ ಬೇರೆ ಇರಬಹುದು. ಅಧಿಕಾರಿ ಆಕ್ಷೇಪ ಎತ್ತುತ್ತಾನೆ, ದಂಡದ ಮಾತು ಬರುತ್ತದೆ, ವಾರ ಕಳೆಯುತ್ತದೆ. ಬೆಲೆಯ ವಿಚಾರದಲ್ಲೂ ಅಷ್ಟೇ: ನಿಜವಾಗಿ ಕೊಟ್ಟ ಬೆಲೆಯನ್ನು ಆಧಾರವಾಗಿಟ್ಟುಕೊಳ್ಳಬೇಕೆಂಬ ನಿಯಮವಿದ್ದರೂ ಬೆಲೆ ಕಡಿಮೆ ತೋರಿಸುವವರು ಹಲವರಿರುವುದರಿಂದ ಎಲ್ಲರನ್ನೂ ಅನುಮಾನದಿಂದ ನೋಡುತ್ತಾರೆ. ವಿವಾದ ಇದ್ದರೆ ಇರಲಿ, ವ್ಯತ್ಯಾಸದ ಮೊತ್ತಕ್ಕೆ ಖಾತರಿ ಪಡೆದು ಸರಕು ಬಿಟ್ಟುಕೊಡಬಹುದು. 2017ರ ಫೆಬ್ರುವರಿ 22ರಂದು ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ವ್ಯಾಪಾರ ಸುಗಮಗೊಳಿಸುವ ಒಪ್ಪಂದ ಇದನ್ನೇ ಹೇಳುತ್ತದೆ. ಸಹಿ ಹಾಕಿದ ದೇಶಗಳಲ್ಲೂ ಕೆಳಹಂತದ ಅಧಿಕಾರಿಗೆ ಈ ಧೈರ್ಯ ಇರುವುದಿಲ್ಲ. ಬಿಟ್ಟುಕೊಟ್ಟು ತಪ್ಪಾದರೆ ಅವನಿಗೆ ಶಿಕ್ಷೆಯಿದೆ, ತಡೆದು ತಡವಾದರೆ ಏನೂ ಇಲ್ಲ.

ಇನ್ನು ತೆರೆದು ನೋಡುವ ತಪಾಸಣೆ. ಹೊರಗಿನವರಿಗೆ ಇದು ಬೀಗ ತೆಗೆದು ಇಣುಕಿ ನೋಡುವ ಕೆಲಸದಂತೆ ಕಾಣಬಹುದು. ನಿಜವಾಗಿ ಮೊದಲು ಟರ್ಮಿನಲ್‌ಗೆ ಅರ್ಜಿ ಕೊಟ್ಟು ಕಂಟೇನರನ್ನು ಅಟ್ಟಿಯಿಂದ ತೆಗೆಸಿ ತಪಾಸಣೆಯ ಅಂಗಳಕ್ಕೆ ತರಿಸಬೇಕು. ಅಲ್ಲಿ ಜಾಗ ಸಿಗಬೇಕು. ಕಸ್ಟಮ್ಸ್ ಅಧಿಕಾರಿ, ಆಮದುದಾರನ ಏಜೆಂಟ್, ಟರ್ಮಿನಲ್ ಸಿಬ್ಬಂದಿ, ಹಮಾಲರು ಎಲ್ಲರೂ ಒಂದೇ ಹೊತ್ತಿಗೆ ಹಾಜರಿರಬೇಕು. ಸೀಲ್ ಸಂಖ್ಯೆ ತಾಳೆ ನೋಡಿ ಕತ್ತರಿಸಿ, ಸರಕು ಇಳಿಸಿ, ಎಣಿಸಿ, ಬೇಕಾದರೆ ಮಾದರಿ ತೆಗೆದು, ಮತ್ತೆ ತುಂಬಿ, ಹೊಸ ಸೀಲ್ ಹಾಕಿ ವರದಿ ದಾಖಲಿಸಬೇಕು. ನಲವತ್ತು ಅಡಿಯ ಕಂಟೇನರಿನ ಬಿಡಿ ಪೆಟ್ಟಿಗೆಗಳನ್ನು ಕೈಯಿಂದ ಇಳಿಸಿ ತುಂಬಲು ಒಂದು ದಿನವೇ ಹಿಡಿಯಬಹುದು. ಮರುದಿನ ಆಹಾರ ಸುರಕ್ಷತೆಯವರು, ಇನ್ನೊಂದು ದಿನ ಸಸ್ಯ ಸಂಪರ್ಕನಿಷೇಧದವರು, ಮತ್ತೊಂದು ದಿನ ಗುಣಮಟ್ಟ ಇಲಾಖೆಯವರು ಬಂದು ಅದನ್ನೇ ಪುನಃ ತೆರೆಸುತ್ತಾರೆ. ಮಾದರಿ ಪರೀಕ್ಷಿಸುವ ಪ್ರಯೋಗಾಲಯ ರಾಜಧಾನಿಯಲ್ಲಿದ್ದರೆ ಇನ್ನೊಂದು ವಾರ. ಕೆಲವೊಮ್ಮೆ ಸರಕಿನಲ್ಲಿ ದೋಷವೇ ಇರುವುದಿಲ್ಲ, ಅದರ ಅಡಿಗಿಟ್ಟ ಮರದ ಪ್ಯಾಲೆಟ್‌ಗಳ ಮೇಲೆ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುಳು ಸಾಯಲೆಂದು 30 ನಿಮಿಷ ಕಾಯಿಸಿದ ಮುದ್ರೆ ಇಲ್ಲವೆಂದು ಇಡೀ ಕಂಟೇನರ್ ನಿಲ್ಲುತ್ತದೆ.

ಎಲ್ಲ ಇಲಾಖೆಗಳೂ ಒಂದೇ ಸಲ ಒಟ್ಟಿಗೆ ತೆರೆದು ನೋಡಿದರೆ ಈ ಸಮಯದಲ್ಲಿ ಬಹುಪಾಲು ಉಳಿತಾಯವಾಗುತ್ತದೆ. ಎಷ್ಟು ಕಂಟೇನರ್ ತೆರೆಯಬೇಕೆಂಬುದೂ ಮುಖ್ಯ. ಬಹುತೇಕ ಎಲ್ಲವನ್ನೂ ತೆರೆಯುವ ಬಂದರಿನಲ್ಲಿ ಯಾವುದನ್ನೂ ಸರಿಯಾಗಿ ನೋಡಲು ಹೊತ್ತಿರುವುದಿಲ್ಲ. ಅಂಕ್ಟಾಡ್‌ನ ಅಸಿಕುಡಾ ಎಂಬ ಕಸ್ಟಮ್ಸ್ ತಂತ್ರಾಂಶದಲ್ಲಿ ಅಪಾಯದ ಅಂದಾಜಿನ ಮೇಲೆ ಸರಕನ್ನು ಆರಿಸುವ ಸೌಲಭ್ಯವಿದೆ. ಆದರೆ ಆಯ್ಕೆಯ ಮಾನದಂಡಗಳನ್ನು ವರ್ಷಗಟ್ಟಲೆ ಪರಿಷ್ಕರಿಸದಿದ್ದರೆ, ಪರದೆಯ ಮೇಲೆ ಒಪ್ಪಿಗೆಯಾದದ್ದನ್ನು ಮತ್ತೆ ಮುದ್ರಿಸಿ ಮೇಜಿನಿಂದ ಮೇಜಿಗೆ ರುಜುವಿಗೆ ಒಯ್ಯಬೇಕಾದರೆ, ಕಂಪ್ಯೂಟರ್ ಬಂದದ್ದರಿಂದ ಒಂದು ಹಂತ ಹೆಚ್ಚಿತಷ್ಟೇ.

ಹೇಳಲು ಹಲವರು ಹಿಂಜರಿಯುವ ಮಾತೊಂದಿದೆ. ಈ ವಿಳಂಬ ಎಲ್ಲರಿಗೂ ನಷ್ಟವಲ್ಲ. ಬಂದರಿನ ಬಾಡಿಗೆ ಹೊರಗಿನ ಗೋದಾಮಿಗಿಂತ ಅಗ್ಗವಿದ್ದರೆ ವ್ಯಾಪಾರಿ ಸರಕನ್ನು ಅಲ್ಲೇ ಇಡುತ್ತಾನೆ. ಬಿಡಿಸಿಕೊಳ್ಳುವವರೆಗೆ ಸುಂಕ ಕಟ್ಟಬೇಕಿಲ್ಲವಾದ್ದರಿಂದ ಬ್ಯಾಂಕ್ ಬಡ್ಡಿ ಹೆಚ್ಚಿರುವ ದೇಶಗಳಲ್ಲಿ ಇದು ಅವನಿಗೆ ಲಾಭವೇ. ಮೇಲೆ ಹೇಳಿದ ವಿಶ್ವಬ್ಯಾಂಕ್ ಅಧ್ಯಯನ ಕಂಡುಕೊಂಡದ್ದೂ ಇದನ್ನೇ: ಪೈಪೋಟಿ ಕಡಿಮೆಯಿರುವ ಮಾರುಕಟ್ಟೆಯ ದೊಡ್ಡ ಆಮದುದಾರರು ಖರ್ಚನ್ನೆಲ್ಲ ಗ್ರಾಹಕರ ಮೇಲೆ ಹಾಕಬಲ್ಲರು, ಅವರಿಗೆ ಅವಸರವಿಲ್ಲ. ದಿನದ ಬಾಡಿಗೆಯಿಂದ ಟರ್ಮಿನಲ್‌ಗೂ ಆದಾಯವಿದೆ. ಹಾಗೆಂದು ಬಾಡಿಗೆಯನ್ನು ಸಾರಾಸಗಟಾಗಿ ಏರಿಸುವುದೂ ನ್ಯಾಯವಲ್ಲ. ಇಲಾಖೆಯ ತಪಾಸಣೆಗಾಗಿ ಕಾಯುತ್ತಿರುವ ಸಣ್ಣ ಆಮದುದಾರ ತನ್ನದಲ್ಲದ ತಪ್ಪಿಗೆ ದಂಡ ತೆರುತ್ತಾನೆ. ಉಚಿತ ದಿನಗಳು ಮುಗಿದ ಮೇಲೆ ದರ ಮೆಟ್ಟಿಲು ಮೆಟ್ಟಿಲಾಗಿ ಏರಲಿ, ಇಲಾಖೆ ತಡೆಹಿಡಿದ ದಿನಗಳನ್ನು ಆ ಲೆಕ್ಕದಿಂದ ಬಿಡಲಿ.

ಯಾರೂ ಬಿಡಿಸಿಕೊಳ್ಳದ ಸರಕಿನ ಹರಾಜನ್ನು ವರ್ಷಗಟ್ಟಲೆ ಮುಂದೂಡುವುದರಿಂದ ಜಾಗ ಹೋಗುವುದಷ್ಟೇ ಅಲ್ಲ, ಅಪಾಯವೂ ಇದೆ. 2020ರ ಆಗಸ್ಟ್ 4ರಂದು ಬೈರೂತ್ ಬಂದರಿನಲ್ಲಿ ಸ್ಫೋಟಿಸಿ ಇನ್ನೂರಕ್ಕೂ ಹೆಚ್ಚು ಜನರನ್ನು ಕೊಂದ ಅಮೋನಿಯಂ ನೈಟ್ರೇಟ್, 2,750 ಟನ್ನುಗಳ ಲೆಕ್ಕದಲ್ಲಿ ವರ್ಷಗಟ್ಟಲೆ ಗೋದಾಮಿನಲ್ಲಿ ಬಿದ್ದಿದ್ದ ಜಪ್ತಿಯ ಸರಕು.

ಗೇಟಿನಾಚೆಯ ರಸ್ತೆಯನ್ನೂ ಮರೆಯಬಾರದು. ಮನಿಲಾ ನಗರಾಡಳಿತ 2014ರ ಫೆಬ್ರುವರಿಯಲ್ಲಿ ಹಗಲು ಹೊತ್ತು ಲಾರಿಗಳ ಓಡಾಟ ನಿರ್ಬಂಧಿಸಿತು. ಕೆಲವೇ ತಿಂಗಳಲ್ಲಿ ಬಂದರು ಕಂಟೇನರ್‌ಗಳಿಂದ ಕಟ್ಟಿಕೊಂಡು ಸೆಪ್ಟೆಂಬರ್‌ನಲ್ಲಿ ಆ ನಿರ್ಬಂಧ ತೆಗೆಯಬೇಕಾಯಿತು. ಲಾಗೋಸಿನ ಅಪಾಪಾದಲ್ಲಿ ಕಂಟೇನರ್ ಲಾರಿಗಳೂ ತೈಲ ಟ್ಯಾಂಕರ್‌ಗಳೂ ಅದೇ ರಸ್ತೆಗಳಲ್ಲಿ ದಿನಗಟ್ಟಲೆ ಸಾಲು ನಿಂತದ್ದಿದೆ. ಹಲವೆಡೆ ಕಸ್ಟಮ್ಸ್ ಒಪ್ಪಿಗೆಗಳು ಮಧ್ಯಾಹ್ನದ ಹೊತ್ತಿಗೆ ಒಟ್ಟಿಗೆ ಹೊರಬೀಳುವುದರಿಂದ ಲಾರಿಗಳೂ ಒಟ್ಟಿಗೆ ಬರುತ್ತವೆ. ಬೆಳಗ್ಗೆ ಗೇಟು ಖಾಲಿ. ಹೊತ್ತು ನಿಗದಿ ಮಾಡಿ ಲಾರಿ ಕರೆಯುವ ವ್ಯವಸ್ಥೆ ಒಳ್ಳೆಯದೇ, ಆದರೆ ರಾತ್ರಿ ಪಾಳಿಯಲ್ಲಿ ಕಸ್ಟಮ್ಸ್, ಬ್ಯಾಂಕ್, ಹೊರಗಿನ ಗೋದಾಮು ಮೂರೂ ಮುಚ್ಚಿದ್ದರೆ ಗೇಟೊಂದು 24 ಗಂಟೆ ತೆರೆದಿದ್ದು ಪ್ರಯೋಜನವಿಲ್ಲ.

ಆದ್ದರಿಂದ ಬಂದರಿನ ಸುದ್ದಿ ಬರೆಯುವವರಲ್ಲಿ ನಮ್ಮದೊಂದು ಕೋರಿಕೆ. ಗಂಟೆಗೆ ಕ್ರೇನ್ ಎಷ್ಟು ಕಂಟೇನರ್ ಎತ್ತಿತು ಎಂದು ಕೇಳಿ ಬಿಟ್ಟುಬಿಡಬೇಡಿ. ಹಡಗು ಲಂಗರು ಹಾಕಿದ ಹೊತ್ತು, ಬರ್ತಿಗೆ ಬಂದ ಹೊತ್ತು, ಕಂಟೇನರ್ ನೆಲ ಮುಟ್ಟಿದ ಹೊತ್ತು, ಘೋಷಣೆ ಸಲ್ಲಿಸಿದ ಹೊತ್ತು, ಸುಂಕ ಕಟ್ಟಿದ ಹೊತ್ತು, ಪ್ರತಿ ಇಲಾಖೆ ಒಪ್ಪಿಗೆ ಕೊಟ್ಟ ಹೊತ್ತು, ಡೆಲಿವರಿ ಆರ್ಡರ್ ಸಿಕ್ಕ ಹೊತ್ತು, ಲಾರಿ ಗೇಟು ದಾಟಿದ ಹೊತ್ತು ಇಷ್ಟನ್ನೂ ಕೇಳಿ. ಇವುಗಳಲ್ಲಿ ಹೆಚ್ಚಿನವು ಯಾವುದಾದರೊಂದು ಕಂಪ್ಯೂಟರಿನಲ್ಲಿ ದಾಖಲಾಗಿಯೇ ಇರುತ್ತವೆ, ಒಂದೆಡೆ ಸೇರಿಸಿರುವುದಿಲ್ಲ. ಸರಾಸರಿಯೊಂದನ್ನೇ ಒಪ್ಪಬೇಡಿ, ಅತಿ ನಿಧಾನವಾದ ಶೇ 10ರಷ್ಟು ಕಂಟೇನರ್‌ಗಳು ಎಲ್ಲಿ, ಯಾರ ಮೇಜಿನಲ್ಲಿ ನಿಂತವು ಎಂಬ ವಿವರ ಬೇರೆಯಾಗಿ ಬೇಕು. ನೆಲ ಮುಟ್ಟಿದ್ದಕ್ಕೂ ಘೋಷಣೆ ಸಲ್ಲಿಸಿದ್ದಕ್ಕೂ ನಡುವಿನ ಅಂತರ ಆಮದುದಾರನ ಮತ್ತು ಅವನ ಬ್ಯಾಂಕಿನ ಪಾಲು, ನಂತರದ್ದು ಇಲಾಖೆಗಳದು, ಕೊನೆಯದು ಹಡಗು ಏಜೆಂಟ್, ಟರ್ಮಿನಲ್ ಮತ್ತು ಲಾರಿಯವರದು. ಹೊಸ ಬರ್ತಿಗೆ ಸಾಲದ ಪ್ರಸ್ತಾಪ ಬಂದ ದಿನ ಈ ಪಟ್ಟಿಯನ್ನೂ ಅದರ ಪಕ್ಕದಲ್ಲೇ ಅಚ್ಚು ಮಾಡಿ.

ಇತಿ,
ಸರಕು ಸಾಗಣೆ ಮತ್ತು ಬಂದರು ವ್ಯವಹಾರ ಬಲ್ಲ ಓದುಗರು