ದೀಪ ದಾರಿಗಿರಲಿ, ಕೆರೆ ನೀರಿಗೆ ಬೇಡ

ಮಾನ್ಯ ಸಂಪಾದಕರೇ,

2018ರಲ್ಲಿ ಕೆಸಿ ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಮೊದಲ ಸಲ ಲಕ್ಷ್ಮೀಸಾಗರ ಕೆರೆಗೆ ಬಂದಾಗ ಖುಷಿಪಟ್ಟ ಕೋಲಾರದವರಲ್ಲಿ ನಾನೂ ಒಬ್ಬ. ಆಮೇಲೆ ನಮ್ಮ ಮನೆ ಹಿಂದಿನ ಕೆರೆಯೂ ತುಂಬಿತು. ಏರಿ ಮೇಲೆ ವಾಕಿಂಗ್ ದಾರಿ ಆಯಿತು, ದೀಪದ ಕಂಬಗಳೂ ಬಂದವು. ಆದರೆ ಆ ದೀಪಗಳು ದಾರಿಗಿಂತ ಜಾಸ್ತಿ ನೀರಿಗೇ ಬೆಳಕು ಚೆಲ್ಲುತ್ತಿವೆ, ಅದೂ ಬೆಳಗಾಗುವವರೆಗೆ.

ಮಗಳ ಶಾಲೆ ಪ್ರಾಜೆಕ್ಟ್‌ಗೆ ಅಂತ ಒಂದು ಮಧ್ಯಾಹ್ನ ತೂಬಿನ ಹತ್ತಿರ ಗಾಜಿನ ಬಾಟಲಿಯಲ್ಲಿ ನೀರು ತುಂಬಿಕೊಂಡೆವು. ಏನೂ ಕಾಣಲಿಲ್ಲ. ಅವತ್ತು ರಾತ್ರಿ ಎಂಟಕ್ಕೆ ಕರೆಂಟ್ ಹೋಗಿತ್ತು, ಅದೇ ಜಾಗದಲ್ಲಿ ಮತ್ತೆ ತುಂಬಿ ಮೊಬೈಲ್ ಟಾರ್ಚ್ ಹಿಡಿದರೆ ಸಾಸಿವೆಗಿಂತ ಚಿಕ್ಕ ಚುಕ್ಕಿಗಳು ಪುಟುಪುಟು ಜಿಗಿಯುತ್ತಿದ್ದವು. ಭೂತಗನ್ನಡಿಯಲ್ಲಿ ನೋಡಿದೆವು: ಗಾಜಿನಂಥ ಮೈ, ಒಂದೇ ಒಂದು ಕರಿ ಕಣ್ಣು, ಪಾಚಿ ತುಂಬಿ ಹಸಿರಾದ ಕರುಳು, ಬೆನ್ನ ಹತ್ತಿರ ಪಟಪಟ ಬಡಿಯುವ ಹೃದಯ. ಇವು ನೀರುಚಿಗಟಗಳು, ಏಡಿ ಸೀಗಡಿಗಳ ಪುಟ್ಟ ನೆಂಟರು. ಕರೆಂಟ್ ಇದ್ದ ರಾತ್ರಿ ದೀಪದಡಿ ತುಂಬಿದಾಗ ನಾಲ್ಕೈದೇ ಸಿಕ್ಕವು. ಒಂದೆರಡು ಸಲ ನೋಡಿದ್ದು ಪುರಾವೆ ಆಗಲ್ಲ, ಒಪ್ಪುತ್ತೇನೆ.

ಆದರೆ ಅಮೆರಿಕದ ಬಾಸ್ಟನ್ ಪಕ್ಕದ ವಾಬನ್ ಕೆರೆಯಲ್ಲಿ ಇದನ್ನೇ ಅಳೆದಿದ್ದಾರೆ. 2000ದಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಊರಿನ ಬೆಳಕು ಬಿದ್ದಾಗ ಡಾಫ್ನಿಯಾ ಎಂಬ ನೀರುಚಿಗಟಗಳು ರಾತ್ರಿ ಆಳದಿಂದ ಮೇಲೇರುವ ಓಡಾಟ ಸುಮಾರು 2 ಮೀಟರ್ ಕಮ್ಮಿಯಾಯಿತು, ಮೇಲೆ ಬಂದವುಗಳ ಸಂಖ್ಯೆಯೂ ಶೇ 10ರಿಂದ 20ರಷ್ಟು ಇಳಿಯಿತು.

ಕಾರಣ ಸರಳ. ಸಣ್ಣ ಮೀನುಗಳು ಇವನ್ನು ಕಣ್ಣಿಂದ ನೋಡಿ ಹಿಡಿಯುತ್ತವೆ. ಹಾಗಾಗಿ ಹಗಲೆಲ್ಲ ಕೆಳಗಿನ ಕತ್ತಲಲ್ಲಿ ಅಡಗಿದ್ದು, ಮುಸ್ಸಂಜೆ ಬೆಳಕು ಇಳಿಯುತ್ತಿದ್ದಂತೆ ಮೇಲೇರಿ, ರಾತ್ರಿ ಪಾಚಿ ತಿಂದು, ನಸುಕಿಗೆ ಮತ್ತೆ ಇಳಿದುಬಿಡುತ್ತವೆ. ನೀರಲ್ಲಿ ಮೀನಿನ ವಾಸನೆ ಇದ್ದರೆ ಇನ್ನೂ ಆಳಕ್ಕೆ ಹೋಗುತ್ತವೆ. ಆಳದಲ್ಲಿ ತಂಪು, ಊಟವೂ ಕಮ್ಮಿ, ಬೆಳವಣಿಗೆ ನಿಧಾನ. ಆದರೂ ಇಳಿಯುತ್ತವೆ, ಜೀವದ ಪ್ರಶ್ನೆ ಅಲ್ವಾ.

ನಮ್ಮ ಕೆರೆಗಳಲ್ಲಿ ಇಳಿಯಲು ಆಳವಾದರೂ ಎಲ್ಲಿದೆ? ಹೂಳು ತುಂಬಿ ತೂಬಿನ ಹತ್ತಿರ ಬಿಟ್ಟರೆ ಬೇರೆಲ್ಲ ತೆಳು ನೀರು. ಅಂಥ ಕಡೆ ಇವು ಪಕ್ಕಕ್ಕೆ ಸರಿದು ಗಿಡಗಳ ಮರೆಯಲ್ಲಿ ಅಡಗುವುದೂ ಉಂಟು. ನಾವೋ ದಡದ ಜೊಂಡನ್ನೂ ಚೊಕ್ಕಟ ಮಾಡಿ, ಮೇಲಿಂದ ರಾತ್ರಿಯಿಡೀ ದೀಪ ಹಚ್ಚಿದ್ದೇವೆ. ಸಂಸ್ಕರಿಸಿದ ನೀರಲ್ಲಿ ಪಾಚಿಗೆ ಬೇಕಾದ ಸಾರಜನಕ, ರಂಜಕ ಉಳಿದಿರುತ್ತವೆ. ಪಾಚಿ ತಿನ್ನುವ ಈ ಜೀವಿಗಳು ಮೇಲೆ ಬರದಿದ್ದರೆ ನೀರು ಹಸಿರುಗಟ್ಟುವುದು ಇನ್ನೂ ಸುಲಭ. ಕೆರೆಗೆ ಬಿಡುವ ಕಾಟ್ಲಾ ಮೀನಿಗೂ ಇವೇ ಊಟ, ಮೀನು ಹಿಡಿಯುವವರಿಗೂ ಇದು ಸಂಬಂಧಪಟ್ಟ ವಿಷಯ.

ದೀಪ ತೆಗೆಯಿರಿ ಅನ್ನುತ್ತಿಲ್ಲ, ಸಂಜೆ ಹೆಣ್ಣುಮಕ್ಕಳು, ವಯಸ್ಸಾದವರು ನಡೆಯುವ ದಾರಿ ಅದು. ಕಂಬಗಳ ತಲೆಯನ್ನು ದಾರಿ ಕಡೆ ಬಗ್ಗಿಸಿ, ನೀರಿನ ಬದಿಗೆ ಒಂದು ತಗಡಿನ ಮರೆ ಕೊಡಿ. ರಾತ್ರಿ ಹತ್ತಾದ ಮೇಲೆ, ವಾಕಿಂಗ್ ಮಾಡುವವರು ಯಾರೂ ಇಲ್ಲದಾಗ, ಆರಿಸಿ. ಹೂಳೆತ್ತುವಾಗ ತೂಬಿನ ಪಕ್ಕ ಆಳ ಉಳಿಯುವಂತೆ ತೆಗೆಯಿರಿ, ಒಂದು ದಡದ ಜೊಂಡಾದರೂ ಹಾಗೇ ಇರಲಿ. ಸಂಬಂಧಪಟ್ಟವರು ಒಂದು ರಾತ್ರಿ ಏರಿ ಮೇಲೆ ಬಂದರೆ ಸಾಕು, ಬಾಟಲಿ, ಭೂತಗನ್ನಡಿ ನಾನೇ ತರುತ್ತೇನೆ.

– ಕೆರೆ ಪಕ್ಕದ ನಿವಾಸಿ, ಕೋಲಾರ