ಕರೆಂಟ್ ಹೋದ ರಾತ್ರಿ ಜೊತೆಗಿದ್ದವರಿಗೆ

ನಾನು ಬೆಂಗಳೂರಿಗೆ ವಾಪಸ್ ಬಂದು ಈ ವಾರಕ್ಕೆ ಒಂದು ವರ್ಷ ತುಂಬಿತು. "ಅಲ್ಲಿ ಹೇಗಿತ್ತು? ಈಗ ಹೇಗಿದ್ದೀಯಾ?" ಅಂತ ನೀವು ಎಷ್ಟೋ ಜನ ಕೇಳಿದಿರಿ. ಪ್ರತಿ ಸಲವೂ ಚೆನ್ನಾಗಿದ್ದೀನಿ ಅಂದು ಮಾತು ಮರೆಸಿದೆ. ಚೆನ್ನಾಗಿರಲಿಲ್ಲ. ಈಗ ಪರವಾಗಿಲ್ಲ. ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ. ಥ್ಯಾಂಕ್ಸ್ ಹೇಳುವುದು ತುಂಬ ಬಾಕಿ ಉಳಿದಿದೆ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ನಾನು ಬಯೋಮೆಡಿಕಲ್ ಇಂಜಿನಿಯರ್. ಆಸ್ಪತ್ರೆಯ ಮೆಷಿನ್‌ಗಳನ್ನು ರಿಪೇರಿ ಮಾಡುವವಳು. 2024ರ ಫೆಬ್ರವರಿಯಿಂದ ಸುಮಾರು ಒಂದು ವರ್ಷ ಒಂದು ವೈದ್ಯಕೀಯ ನೆರವಿನ ಸಂಸ್ಥೆಯ ಜೊತೆ ಆಫ್ರಿಕಾದ ಚಾಡ್ ದೇಶದಲ್ಲಿದ್ದೆ. ಸುಡಾನ್ ಗಡಿಗೆ ಅಂಟಿಕೊಂಡ ಊರು. ಹೆಸರು ಆದ್ರೇ. ಅಮ್ಮನಿಗೆ ಮೊದಲ ಸಲ ಹೇಳಿದಾಗ "ಆದ್ರೆ ಏನೇ? ಮುಂದಕ್ಕೆ ಹೇಳು" ಅಂದಳು.

ಸುಡಾನಿನ ಪಶ್ಚಿಮ ಭಾಗ ಡಾರ್ಫರ್. ಆ ಹೆಸರು ನನ್ನ ತಲೆಯಲ್ಲಿ ಕೂತಿದ್ದು 2023ರ ಏಪ್ರಿಲ್‌ನಲ್ಲಿ. 15ನೇ ತಾರೀಕು ಸುಡಾನಿನ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಯುದ್ಧ ಶುರುವಾಯಿತು. ಡಾರ್ಫರ್‌ನ ಎಲ್ ಫಶೇರ್‌ನಲ್ಲಿ ನಮ್ಮ ಹಕ್ಕಿಪಿಕ್ಕಿ ಜನ ಸಿಕ್ಕಿಬಿದ್ದಿದ್ದಾರೆ ಅಂತ ಟೀವಿಯಲ್ಲಿ ಬಂತು. ಗಿಡಮೂಲಿಕೆ ಔಷಧಿ ಮಾರಲು ಹೋದವರು. ಆಪರೇಷನ್ ಕಾವೇರಿಯಲ್ಲಿ ಭಾರತೀಯರನ್ನು ಪೋರ್ಟ್ ಸುಡಾನ್‌ನಿಂದ ಜೆಡ್ಡಾಗೆ, ಅಲ್ಲಿಂದ ಇಲ್ಲಿಗೆ ಕರೆತಂದರು. ನಮ್ಮವರು ಬಂದರಲ್ಲ ಅಂತ ನಾವು ಟೀವಿ ಆಫ್ ಮಾಡಿದೆವು. ಅಲ್ಲಿನವರು ಅಲ್ಲೇ ಉಳಿದರು. ಜೂನ್‌ನಲ್ಲಿ ಡಾರ್ಫರ್‌ನದೇ ಇನ್ನೊಂದು ಊರು ಎಲ್ ಜೆನೀನಾದಿಂದ ಜನ ಗಡಿ ದಾಟಿ ಓಡಿ ಬಂದರು. ಮೂರೇ ದಿನದಲ್ಲಿ 800ಕ್ಕೂ ಜಾಸ್ತಿ ಗಾಯಾಳುಗಳು ಆದ್ರೇ ಆಸ್ಪತ್ರೆಗೆ ಬಂದರು. ಹೆಚ್ಚಿನವರಿಗೆ ಗುಂಡೇಟು.

ಯುದ್ಧದಲ್ಲಿ ಆಸ್ಪತ್ರೆ ಹಾಳಾಗುವುದು ಅಂದರೆ ನಾನೂ ಮೊದಲು ಬಾಂಬ್ ಅಂದುಕೊಂಡಿದ್ದೆ. ಬಾಂಬ್ ಬೀಳುವುದೂ ನಿಜ. ಆದರೆ ಬಾಂಬ್ ಬೀಳದ ಆಸ್ಪತ್ರೆಯೂ ಸಾಯುತ್ತದೆ. ನರ್ಸ್‌ಗಳಿಗೆ ತಿಂಗಳುಗಟ್ಟಲೆ ಸಂಬಳ ಬರುವುದಿಲ್ಲ. ಡೀಸೆಲ್ ಬರುವುದಿಲ್ಲ. ಡೀಸೆಲ್ ಇಲ್ಲದಿದ್ದರೆ ಫ್ರಿಜ್ ಇಲ್ಲ. ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಹೊರಗೆ 42 ಡಿಗ್ರಿ. ಸುಡಾನಿನ ರಾಜಧಾನಿ ಖಾರ್ಟೂಮಿನ ರಾಷ್ಟ್ರೀಯ ಪ್ರಯೋಗಾಲಯವನ್ನು ಯುದ್ಧದ ಮೊದಲ ತಿಂಗಳಲ್ಲೇ ಬಂದೂಕು ಹಿಡಿದವರು ವಶ ಮಾಡಿಕೊಂಡರು. ಒಂದೊಂದೇ ತಂತಿ ಕಡಿದ ಹಾಗೆ. ಗಡಿಯ ಆಚೆ ಇದ್ದ ಅಂಥ ಆಸ್ಪತ್ರೆಗಳಿಂದ ನಡೆದುಕೊಂಡು ಬಂದ ನರ್ಸ್‌ಗಳು ನಮ್ಮ ಟೆಂಟ್ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದರು. ಅವರೂ ನಿರಾಶ್ರಿತರೇ. ಡ್ಯೂಟಿ ಮುಗಿಸಿ ಟಾರ್ಪಾಲಿನ ಮನೆಗೆ ಹೋಗುತ್ತಿದ್ದರು.

ಮೊದಲ ಥ್ಯಾಂಕ್ಸ್ ಎಸ್‌ಪಿ ರೋಡಿನ ಆ ಅಂಗಡಿಯ ಅಣ್ಣನಿಗೆ. ಹೊರಡುವ ಮುಂಚೆ ನನ್ನ ಪಟ್ಟಿ ನೋಡಿ, "ಮೇಡಂ, ಇದು ಸಾಕಾಗಲ್ಲ. ಅಲ್ಲಿ ಅಂಗಡಿ ಇರಲ್ಲ ಅಲ್ವಾ?" ಅಂದರು. ಫ್ಯೂಸ್, ಕೆಪಾಸಿಟರ್, ರಿಲೇ, ಒ-ರಿಂಗ್, ಎಲ್ಲವನ್ನೂ ಎರಡರಷ್ಟು ಕೊಟ್ಟರು. ಅರ್ಧಕ್ಕೆ ದುಡ್ಡು ತಗೊಳ್ಳಲಿಲ್ಲ. ಅಣ್ಣಾ, ನಿಮ್ಮ ಎರಡು ಕೆಪಾಸಿಟರ್ ಇನ್ನೂ ಅಲ್ಲಿನ ಮೆಷಿನ್‌ಗಳ ಒಳಗೆ ಕೂತಿವೆ.

ಇನ್ನೊಬ್ಬರು ಪೀಣ್ಯದ ಮೇಸ್ತ್ರಿ. ಅವರ ವರ್ಕ್‌ಶಾಪಿನಲ್ಲಿ ನಾಲ್ಕು ಶನಿವಾರ ಕೂತು ಸಿಲಿಕೋನ್ ಶೀಟಿನಿಂದ ಗ್ಯಾಸ್ಕೆಟ್ ಕತ್ತರಿಸುವುದನ್ನು ಕಲಿತೆ. ಆಟೋಕ್ಲೇವ್ ನೋಡಿದ್ದೀರಾ? ಆಪರೇಷನ್ ಸಾಮಾನುಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಡಬ್ಬ. ನಮ್ಮ ಮನೆ ಕುಕ್ಕರಿನ ದೊಡ್ಡಣ್ಣ ಅನ್ನಬಹುದು. 121 ಡಿಗ್ರಿ ಮುಟ್ಟಬೇಕು. ಕುಕ್ಕರ್ ಗ್ಯಾಸ್ಕೆಟ್ ಹೋದರೆ ಅನ್ನ ಬೇಯುವುದಿಲ್ಲ, ಅಷ್ಟೇ. ಇದರ ಗ್ಯಾಸ್ಕೆಟ್ ಹೋದರೆ ಆಪರೇಷನ್ ನಿಲ್ಲುತ್ತದೆ. ಮೇ ತಿಂಗಳಲ್ಲಿ ನಮ್ಮದು ಹೋಯಿತು. ಹೊಸದು ಬರಲು ಆರು ವಾರ ಅಂದರು. ನಾನು ನೆಲದ ಮೇಲೆ ಶೀಟ್ ಹಾಸಿ, ಮೇಸ್ತ್ರಿ ಹೇಳಿಕೊಟ್ಟ ಹಾಗೆ ಬ್ಲೇಡನ್ನು ಓರೆ ಹಿಡಿದು, ಜೋಡು ಬರುವಲ್ಲಿ ಇಳಿಜಾರಾಗಿ ಕತ್ತರಿಸಿ ಅಂಟಿಸಿದೆ. ಮೊದಲನೆಯದು ಸೋರಿತು. ಎರಡನೆಯದೂ ಸೋರಿತು. ಮೂರನೆಯದು ಹಿಡಿಯಿತು. ಒತ್ತಡದ ಮುಳ್ಳು ಮೇಲೇರಿ ಅಲ್ಲೇ ನಿಂತಾಗ ಸುಡಾನಿನ ಥಿಯೇಟರ್ ನರ್ಸ್ ಒಬ್ಬರು ನನ್ನ ಕೈ ಹಿಡಿದುಕೊಂಡು "ಬಾಶ್‌ಮುಹಂದಿಸಾ" ಅಂದರು. ಇಂಜಿನಿಯರಮ್ಮ ಅಂತ ಅರ್ಥ. ಅವತ್ತಿನಿಂದ ಅದೇ ನನ್ನ ಹೆಸರಾಯಿತು.

ಈಗ ಆ ರಾತ್ರಿಯ ಮಾತು. ಇಷ್ಟು ದಿನ ಯಾರಿಗೂ ಪೂರ್ತಿ ಹೇಳಿಲ್ಲ.

ಆಕ್ಸಿಜನ್ ಕಾನ್ಸಂಟ್ರೇಟರ್ ಅಂದರೆ ಏನು ಅಂತ ನಮಗೆಲ್ಲ 2021ರ ಮೇ ತಿಂಗಳು ಕಲಿಸಿಬಿಟ್ಟಿದೆ. ನನಗೂ ಕಲಿಸಿತು. ಅಪ್ಪನಿಗೆ ಬೆಡ್ ಸಿಗಲಿಲ್ಲ. ಅದರ ಬಗ್ಗೆ ಇಷ್ಟೇ ಹೇಳಬಲ್ಲೆ. ಆ ಮೆಷಿನ್ ಗಾಳಿಯನ್ನು ಎಳೆದುಕೊಂಡು, ಜಿಯೋಲೈಟ್ ಹರಳುಗಳಲ್ಲಿ ನೈಟ್ರೋಜನ್ ಹಿಡಿದಿಟ್ಟು, ಉಳಿದ ಆಕ್ಸಿಜನ್ ಕೊಡುತ್ತದೆ. ಸಿಲಿಂಡರ್ ತುಂಬಿಸಲು ಜಾಗವಿಲ್ಲದ ಊರಿನಲ್ಲಿ ಇದೇ ಜೀವ. ಒಂದೇ ಮೆಷಿನ್ನಿಗೆ ಸ್ಪ್ಲಿಟರ್ ಹಾಕಿ ನಾಲ್ಕೈದು ಮಕ್ಕಳಿಗೆ ಕೊಡಬಹುದು. ಆದರೆ ಕರೆಂಟ್ ಬೇಕು. ಅಲ್ಲಿ ಕರೆಂಟ್ ಅಂದರೆ ಜನರೇಟರ್.

ಆಗಸ್ಟ್. ಮಳೆಗಾಲ, ಮಲೇರಿಯಾ ಮತ್ತು ನ್ಯುಮೋನಿಯಾ ಕಾಲ. ರಾತ್ರಿ ಎರಡು ಗಂಟೆಗೆ ಜನರೇಟರ್ ಕೆಮ್ಮಿ ನಿಂತಿತು. ಬ್ಯಾಕಪ್ ಜನರೇಟರನ್ನು ಆ ದಿನವೇ ಬಿಚ್ಚಿ ಇಟ್ಟಿದ್ದೆವು. ಕಾನ್ಸಂಟ್ರೇಟರ್‌ಗಳೆಲ್ಲ ಒಟ್ಟಿಗೆ ಕೂಗತೊಡಗಿದವು. ಆಮೇಲೆ ಅವೂ ಸುಮ್ಮನಾದವು. ಒಂಬತ್ತು ಮಕ್ಕಳು, ಒಂದು ತುಂಬಿದ ಸಿಲಿಂಡರ್. ನೈಟ್ ಡ್ಯೂಟಿಯ ನರ್ಸ್ ಯಾರಿಗೆ ಕೊಡಬೇಕು ಅಂತ ತೀರ್ಮಾನ ಮಾಡಿದರು. ಅವರ ಜಾಗದಲ್ಲಿ ನಾನಿದ್ದಿದ್ದರೆ ಆಗುತ್ತಿರಲಿಲ್ಲ. ಒಂದು ಪುಟ್ಟ ಮಗು ಉಸಿರು ನಿಲ್ಲಿಸಿತು. ಅದಕ್ಕೆ ಅಂಬು ಬ್ಯಾಗ್, ಅಂದರೆ ಒತ್ತಿ ಉಸಿರು ತುಂಬುವ ಚೀಲ, ಹಿಡಿದು ನರ್ಸ್ ಕೈಯಲ್ಲೇ ಒತ್ತತೊಡಗಿದರು. ವಾಹಿದ್, ಇತ್ನೇನ್, ತಲಾತಾ. ಅರಬ್ಬಿಯಲ್ಲಿ ಒಂದು, ಎರಡು, ಮೂರು. ಮಗುವಿನ ಅಪ್ಪ ಮೊಬೈಲ್ ಟಾರ್ಚ್ ಹಿಡಿದಿದ್ದ. ಬೆಳಕು ಒಂದು ಚೂರೂ ಅಲುಗಲಿಲ್ಲ. ಅದು ನನಗೆ ಇವತ್ತಿಗೂ ಕಾಣುತ್ತದೆ.

ನಾನು ಹೊರಗೆ, ಮಳೆಯಲ್ಲಿ, ಜನರೇಟರ್ ಮೆಕ್ಯಾನಿಕ್ ಜೊತೆ. ಆತ ಆದ್ರೇ ಊರಿನವನೇ. ನನ್ನ ಫ್ರೆಂಚ್ ಅರ್ಧಂಬರ್ಧ, ಅವನದೂ ಹಾಗೇ. ಡೀಸೆಲ್ ಫಿಲ್ಟರ್ ಕೆಸರಿನಿಂದ ಕಟ್ಟಿಕೊಂಡಿತ್ತು. ಅವನು ಹೊಸದು ಹಾಕಿದ. ಆದರೂ ಸ್ಟಾರ್ಟ್ ಆಗಲಿಲ್ಲ. ಏರ್ ಲಾಕ್. ಡೀಸೆಲ್ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿತ್ತು. ಊರಿನಲ್ಲಿ ನಮ್ಮ ತೋಟದ ಡೀಸೆಲ್ ಪಂಪ್‌ಸೆಟ್ಟಿಗೆ ಹೀಗಾದಾಗಲೆಲ್ಲ ಅಪ್ಪ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಸ್ಕ್ರೂ ಸ್ವಲ್ಪ ಸಡಿಲ ಮಾಡು, ಹ್ಯಾಂಡ್ ಪಂಪ್ ಒತ್ತು, ಗುಳ್ಳೆ ನಿಲ್ಲುವವರೆಗೆ ಒತ್ತು, ಅವಸರ ಮಾಡಬೇಡ ಮಗಾ. ಆತ ಒತ್ತಿದ, ನಾನು ಸ್ಕ್ರೂ ಹಿಡಿದೆ. ಗುಳ್ಳೆ ಬರುತ್ತಲೇ ಇತ್ತು. ಬರುತ್ತಲೇ ಇತ್ತು. ಆಮೇಲೆ ನಿಂತಿತು. ಒಟ್ಟು ಐವತ್ತು ನಿಮಿಷ.

ಅಪ್ಪಾ, ಥ್ಯಾಂಕ್ಸ್.

ಅಂಬು ಬ್ಯಾಗಿನ ಮಗು ಉಳಿಯಿತು. ಕಿಟಕಿ ಪಕ್ಕದ ಹಾಸಿಗೆಯ ಇನ್ನೊಂದು ಹುಡುಗಿ ಬೆಳಗಿನ ಜಾವ ಹೋದಳು. ಕರೆಂಟ್ ಇದ್ದಿದ್ದರೂ ಉಳಿಯುತ್ತಿದ್ದಳೋ ಇಲ್ಲವೋ ಗೊತ್ತಿಲ್ಲ ಅಂತ ಡಾಕ್ಟರ್ ನನಗೆ ಎರಡು ಸಲ ಹೇಳಿದರು. ಆ ನರ್ಸ್ ಬೆಳಿಗ್ಗೆ ತನ್ನ ಟಾರ್ಪಾಲಿನ ಮನೆಗೆ ನನ್ನನ್ನು ಕರೆದುಕೊಂಡು ಹೋಗಿ ಊಟಕ್ಕೆ ಕೂರಿಸಿದರು. ತಟ್ಟೆಯಲ್ಲಿ ಆಸೀದಾ. ಜೋಳದ ಹಿಟ್ಟಿನದು. ಮೇಲೆ ಒಣ ಬೆಂಡೆಕಾಯಿ ಪುಡಿಯ ಸಾರು. ಅದು ಮುದ್ದೆಯೇ, ಬೇರೇನಲ್ಲ. ಬೆರಳಲ್ಲಿ ಮುರಿದು ಸಾರಿಗೆ ಅದ್ದಿ ನುಂಗುವುದೂ ನಮ್ಮ ಹಾಗೇ. ಮೊದಲ ತುತ್ತು ಬಾಯಿಗಿಟ್ಟಾಗ ನನಗೆ ಅಳು ಬಂತು. ಅವರು ಏನೂ ಕೇಳಲಿಲ್ಲ. ಇನ್ನೊಂದು ತುಂಡು ತಟ್ಟೆಗೆ ಹಾಕಿದರು. ಅಕ್ಕಾ, ಈ ಬರಹ ನಿಮಗೆ ಓದಲು ಬರುವುದಿಲ್ಲ. ಆದರೂ ಎಲ್ಲರಿಗಿಂತ ದೊಡ್ಡ ಥ್ಯಾಂಕ್ಸ್ ನಿಮಗೇ.

ಕರೆಂಟೇ ಬೇಡದ ಒಂದು ಔಷಧಿಯೂ ಅಲ್ಲಿತ್ತು. ಓಆರ್‌ಎಸ್. ಭೇದಿಯಾದ ಮಕ್ಕಳ ಟೆಂಟಿನಲ್ಲಿ ಅಮ್ಮಂದಿರು ಚಮಚದಲ್ಲಿ ಕುಡಿಸುತ್ತ ಕೂರುತ್ತಿದ್ದರು. ಇದು ದೊಡ್ಡ ಮಟ್ಟದಲ್ಲಿ ತನ್ನ ಶಕ್ತಿ ತೋರಿಸಿದ್ದು ನಮ್ಮ ದೇಶದ ನಿರಾಶ್ರಿತರ ಕ್ಯಾಂಪಿನಲ್ಲೇ. 1971ರ ಬಾಂಗ್ಲಾ ಯುದ್ಧದ ಹೊತ್ತು, ಬಂಗಾಳದ ಬನಗಾಂವ್‌ನಲ್ಲಿ ಕಾಲರಾ. ಸಲೈನ್ ಖಾಲಿಯಾಗುತ್ತ ಬಂದಾಗ ಡಾಕ್ಟರ್ ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ಇಟ್ಟು ಮನೆಯವರ ಕೈಯಿಂದಲೇ ಕುಡಿಸಿದರು. ಶೇ 30ರಷ್ಟಿದ್ದ ಸಾವು ಶೇ 4ಕ್ಕಿಂತ ಕೆಳಗೆ ಇಳಿಯಿತು. ಇದನ್ನು ಅಲ್ಲಿನ ಆರೋಗ್ಯ ಕಾರ್ಯಕರ್ತರಿಗೆ ಹೇಳಿದಾಗ ಅವರಿಗೆ ತುಂಬ ಖುಷಿಯಾಯಿತು. ಅದನ್ನು ಕುಡಿಸಿದವರೂ ತಮ್ಮ ಹಾಗೆ ಓಡಿ ಬಂದವರೇ ಅಂತ.

ನಾನಿಲ್ಲದಾಗ ಅಮ್ಮ ಬಚ್ಚಲಲ್ಲಿ ಜಾರಿ ಕೈ ಮುರಿದುಕೊಂಡಳು. ನನಗೆ ಗೊತ್ತಾಗಿದ್ದು ಪ್ಲಾಸ್ಟರ್ ಬಿಚ್ಚಿದ ಮೇಲೆ. ಅಷ್ಟು ದಿನವೂ ಮಹಡಿ ಮನೆಯ ಆಂಟಿ ತಿಂಡಿ ಕೊಟ್ಟು, ತಲೆ ಬಾಚಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದಿದ್ದರು. ಎದುರು ಮನೆಯ ಹುಡುಗ ದಿನಾ ರಾತ್ರಿ ಒಂಬತ್ತಕ್ಕೆ ಅಮ್ಮನಿಗೆ ವಿಡಿಯೋ ಕಾಲ್ ಹಾಕಿಕೊಡುತ್ತಿದ್ದ. ಅಮ್ಮನ ಮುರಿದ ಕೈ ಸ್ಕ್ರೀನಿನಲ್ಲಿ ಕಾಣದ ಹಾಗೆ ಫೋನ್ ಹಿಡಿದವನೂ ಅವನೇ. ಇಬ್ಬರಿಗೂ ಹೇಗೆ ಹೇಳಲಿ? ವಸಂತನಗರದಲ್ಲಿ ನನಗೆ ಫ್ರೆಂಚ್ ಕಲಿಸಿದ ಮೇಡಂಗೂ ನಮಸ್ಕಾರ. ನೀವು ಬಾಯಿಪಾಠ ಮಾಡಿಸಿದ ಸಂಖ್ಯೆಗಳು ಉಪಯೋಗಕ್ಕೆ ಬಂದವು.

ವಾಪಸ್ ಬಂದ ಮೇಲೆ ಮನೆಯಲ್ಲಿ ಕರೆಂಟ್ ಹೋದರೆ ನಾನು ಎದ್ದು ನಿಂತುಬಿಡುತ್ತಿದ್ದೆ. ನಿದ್ದೆಯಲ್ಲೂ. ಯುಪಿಎಸ್ ಬೀಪ್ ಅಂದರೆ ಕೈ ನಡುಗುತ್ತಿತ್ತು. ತಿಂಗಳುಗಟ್ಟಲೆ ಇದನ್ನು ಯಾರಿಗೂ ಹೇಳಲಿಲ್ಲ. 2025ರ ಅಕ್ಟೋಬರ್ 26ರಂದು ಎಲ್ ಫಶೇರ್ ಆರ್‌ಎಸ್‌ಎಫ್ ಕೈಗೆ ಬಿತ್ತು. ಅಲ್ಲಿನ ಸೌದಿ ಹೆರಿಗೆ ಆಸ್ಪತ್ರೆಯಲ್ಲಿ ರೋಗಿಗಳು, ಅವರ ಜೊತೆಗಿದ್ದವರು ಸೇರಿ 460ಕ್ಕೂ ಹೆಚ್ಚು ಜನ ಕೊಲೆಯಾದ ವರದಿಗಳಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಆಸ್ಪತ್ರೆಗಳನ್ನು, ರೋಗಿಗಳನ್ನು ಮುಟ್ಟಬಾರದು ಅಂತ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2016ರಲ್ಲೇ 2286ನೇ ನಿರ್ಣಯ ಮಾಡಿತ್ತು. ಒಮ್ಮತದಿಂದ. ಆ ಕೊಲೆಗಳ ಸುದ್ದಿ ಓದಿದ ದಿನ ನಾನು ಅಡುಗೆಮನೆ ನೆಲದ ಮೇಲೆ ಕೂತವಳು ಏಳಲಿಲ್ಲ. ಅಮ್ಮನೂ ಪಕ್ಕದಲ್ಲೇ ಕೂತಳು. ಗಂಟೆಗಟ್ಟಲೆ.

ಮಾರನೇ ದಿನ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆ ಕಡೆಯಿದ್ದ ಹೆಣ್ಣುಮಗಳು "ನಿಧಾನಕ್ಕೆ ಹೇಳಿ, ನಾನಿದ್ದೀನಿ" ಅಂದರು. ಅವರ ಹೆಸರೂ ಗೊತ್ತಿಲ್ಲ. ಅವರ ಮೂಲಕವೇ ಒಬ್ಬ ಡಾಕ್ಟರ್ ಸಿಕ್ಕರು. ಈಗಲೂ ಹೋಗುತ್ತಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಬೇಕಾದರೆ ಆ ನಂಬರ್ ಬರೆದಿಟ್ಟುಕೊಳ್ಳಿ.

ಕಳೆದ ವಾರ ಆದ್ರೇಯಿಂದ ಮೆಕ್ಯಾನಿಕ್ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದ. ಮಾತು ಕಡಿಮೆ. "ಬಾಶ್‌ಮುಹಂದಿಸಾ, ಕೇಳು" ಅಂತ. ಆಮೇಲೆ ಒಂದು ನಿಮಿಷ ಬರೀ ಜನರೇಟರ್ ಸದ್ದು. ಒಂದೂ ಕೆಮ್ಮಿಲ್ಲದೆ ಓಡುತ್ತಿತ್ತು. ಅಮ್ಮನಿಗೂ ಕೇಳಿಸಿದೆ. ಈ ಶನಿವಾರ ಎಸ್‌ಪಿ ರೋಡಿಗೆ ಹೋಗಿ ಅಣ್ಣನಿಗೂ ಕೇಳಿಸಿ ಬರುತ್ತೇನೆ.